ಎರಡನೇ ಪ್ರತಿ ಇಲ್ಲದ ಮನೆ

ಕಂತು ಒಂಬತ್ತು

“ಚೀಲ ಸುರಿ,” ಎಂದರು ಯಜಮಾನರು.

ಅಳಿಯ ಸುರಿದ. ಊಟದ ಮೇಜಿನ ಮೇಲೆ ಪೆನ್‌ಡ್ರೈವ್‌ಗಳ ರಾಶಿ ಬಿತ್ತು. ನಾನು ಎಣಿಸಿದೆ. ಎಣಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇಬ್ಬರಿದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಮರೆವು ಬಂತು. ಮೂವತ್ತೊಂದು. ಕೆಂಪು, ನೀಲಿ, ಮುಚ್ಚಳ ಕಳೆದುಕೊಂಡದ್ದು, ಯಾರೋ ಹಲ್ಲಿನಲ್ಲಿ ಕಚ್ಚಿದ ಗುರುತಿದ್ದದ್ದು. ಅಳಿಯ ಫೋಟೋಗ್ರಾಫರ್. ಗಿರಾಕಿಗಳು ತಮ್ಮ ಫೋಟೋ ತುಂಬಿಸಿಕೊಡಲು ಕೊಟ್ಟುಹೋದ ಡ್ರೈವ್‌ಗಳು ಅವು.

“ಕಂಡೋರ ಮನೆ ಕಸ ಎಲ್ಲಾ ತಂದು ನನ್ನ ಮನೆ ಕಂಪ್ಯೂಟರಿಗೆ ಚುಚ್ಚಿದೀಯ,” ಎಂದರು ಯಜಮಾನರು.

“ಅದು ನನ್ನ ಕೆಲಸ ಮಾವ. ಫೋಟೋ ಇನ್ನು ಹೇಗೆ ಕೊಡ್ಲಿ, ಬಕೆಟ್‌ನಲ್ಲಾ?”

“ನೋಡಿ ಪತ್ತೇದಾರ್ರೇ, ನಾಲಿಗೆ ನೋಡಿ! ನನ್ನ ಹೆಂಡ್ತಿ ನಾಲಿಗೆ ಇದ್ದೂ ಮಾತು ಕಳಕೊಂಡು ಕೂತಿದಾಳೆ. ಇವನಿಗೆ ಮಾತು ಉಕ್ಕಿ ಹರೀತಿದೆ.”

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ, ಅಂದರೆ ಯಜಮಾನರ ಹೆಂಡತಿ, ಯಾರದೋ ಕೋಟಿನ ಅಂಚು ಹೊಲಿಯುತ್ತ ಕುಳಿತಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ. ಸೂಜಿ ಮಾತ್ರ ಒಳಗೆ ಹೊರಗೆ ಓಡಾಡುತ್ತಿತ್ತು.

ಈ ವಾರವೇ ಓದಲು ಶುರು ಮಾಡಿದವರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಹದಿಮೂರು ದಿನಗಳ ಹಿಂದೆ ವೈದ್ಯರು ಈ ತಾಯಿಯ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು, ಅದಕ್ಕೂ ಮೊದಲು ಆಕೆ ನಲವತ್ತು ದಿನ ಕುಳಿತು, ಮಾತಾಡುವ ಯಂತ್ರಕ್ಕೆ ತನ್ನ ಧ್ವನಿ ಬರಲೆಂದು ಸಾವಿರದ ಆರುನೂರ ಹನ್ನೆರಡು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿದ್ದರು, ಆಸ್ಪತ್ರೆಗೆ ಹೊರಟ ದಿನ ಬೆಳಗ್ಗೆ ಏಳು ನಲವತ್ತಕ್ಕೆ ಒಂದು ವೈರಸ್ ಆ ಎಲ್ಲ ಫೈಲ್‌ಗಳಿಗೂ ಬೀಗ ಜಡಿದುಬಿಟ್ಟಿತ್ತು.

ಆ ಬೀಗ ಒಡೆಯಲು ನಾನು ಒಂಬತ್ತು ದಿನ ಹೆಣಗಿದೆ. ನಾನು! ಹದಿನಾಲ್ಕು ಸಾವಿರ ಕಂಪ್ಯೂಟರ್‌ಗಳನ್ನು ಸ್ಮಶಾನದ ಬಾಗಿಲಿನಿಂದ ಕೈಹಿಡಿದು ವಾಪಸ್ ಕರೆತಂದವನು. ಏಳು ಸಮುದ್ರದಾಚೆ ಕೆಟ್ಟ ಫೈಲ್ ತೆರೆದರೆ ಇಲ್ಲಿ ನನಗೆ ಸೀನು ಬರುತ್ತದೆ. ಆದರೆ ಈ ಬೀಗ ಒಡೆಯಲಿಲ್ಲ. ಬೀಗ ಹಾಕಿದ ದುಷ್ಟರು ಕೇಳಿದ್ದನ್ನಾದರೂ ಕೊಟ್ಟು ಬಿಡಿಸಿಕೊಳ್ಳೋಣವೆಂದರೆ, ಅವರು ಫೋಲ್ಡರಿನಲ್ಲಿ ಬಿಟ್ಟುಹೋದ ಪತ್ರದ ವಿಳಾಸವೇ ಸತ್ತು ಮೂರು ವರ್ಷ. ಹಳೇ ವೈರಸ್ಸು. ಒಡೆಯ ಸತ್ತ ಮೇಲೂ ಬೀದಿಯಲ್ಲಿ ಕಚ್ಚುತ್ತ ತಿರುಗುವ ನಾಯಿಯಂಥದ್ದು.

“ಒಂದೊಂದನ್ನೂ ಪರೀಕ್ಷೆ ಮಾಡಿ,” ಯಜಮಾನರು ಮೇಜಿನತ್ತ ಕೈ ತೋರಿಸಿದರು.

ಮಾಡಿದೆ. ಯಾವ ತಂತಿಗೂ ಅಂಟದ ನನ್ನ ಸ್ವಂತ ಲ್ಯಾಪ್‌ಟಾಪ್‌ಗೆ ಮೂವತ್ತೊಂದನ್ನೂ ಚುಚ್ಚಿ ಚುಚ್ಚಿ ನೋಡಿದೆ. ಒಂದರಲ್ಲಿ ಜಾಹೀರಾತು ತೋರಿಸುವ ಸಣ್ಣದೊಂದು ಹುಳ ಸಿಕ್ಕಿತು, ಪಾಪದ್ದು. ಉಳಿದವು ಹಸುಗೂಸಿನ ಕೆನ್ನೆಯಷ್ಟು ಶುದ್ಧ.

“ಇವುಗಳಲ್ಲಿ ಇಲ್ಲ.”

“ಅಂದ್ರೆ ಇದ್ದಿದ್ದನ್ನ ಬಚ್ಚಿಟ್ಟಿದಾನೆ!”

“ಅಪ್ಪಾ,” ಎಂದಳು ಮಗಳು. ಆಕೆ ಕೃತಕ ಹಲ್ಲು ಮಾಡುವವಳು. ಕ್ಲಿನಿಕ್‌ಗಳು ಕಳಿಸುವ ದವಡೆಯ ಅಳತೆಗಳನ್ನು ಮನೆಯ ಕಂಪ್ಯೂಟರಿನಲ್ಲಿಯೇ ತಿದ್ದುತ್ತಾಳೆ. “ನಾನೂ ಹತ್ತು ಕಡೆಯಿಂದ ಫೈಲ್ ತರ್ತೀನಿ. ನನ್ನ ಚೀಲಾನೂ ಸುರಿ ಅನ್ನು ಮತ್ತೆ. ಅಳಿಯ ಅಂದ್ರೆ ಅಷ್ಟು ಸದರನಾ?”

“ನೀನು ಸುಮ್ನಿರು.”

“ಯಾಕೆ ಸುಮ್ನಿರ್ಲಿ? ಎಲ್ಲಾ ಕಂಪ್ಯೂಟರಿನ ಬಾಗಿಲೂ ತೆಗೆದಿಡು ಅಂದೋರು ಯಾರು? ಪಾಸ್‌ವರ್ಡ್ ಬೇಡ, ಮನೆಯೊಳಗೆ ಎಂಥ ಬೀಗ, ನಾವೇನು ಪರದೇಶಿಗಳಾ ಅಂದೋರು ಯಾರು? ಎರಡನೇ ಪ್ರತಿ ಇಟ್ರೆ ಕೈ ಮುರೀತೀನಿ ಅಂದೋರು ಯಾರು?”

ಯಜಮಾನರ ಮುಖ ಬೂದಿಯಾಯಿತು.

ಇಲ್ಲಿ ನಾನು ಅವರ ಪರವಾಗಿ ಎರಡು ಮಾತು ಆಡಲೇಬೇಕು, ನನ್ನಷ್ಟು ನ್ಯಾಯವಂತ ಇನ್ನೊಬ್ಬನಿಲ್ಲವಾದ್ದರಿಂದ. ಯಜಮಾನರು ಮೂವತ್ನಾಲ್ಕು ವರ್ಷ ಯಂತ್ರದ ಕಾರ್ಖಾನೆಯೊಂದರಲ್ಲಿ ನಕ್ಷೆಗಳ ಕೋಣೆಯನ್ನು ಕಾದವರು. ಅಲ್ಲಿ ಪ್ರತಿ ಬಿಡಿಭಾಗಕ್ಕೂ ಒಂದೇ ನಕ್ಷೆ. ಬೇಕಾದವರು ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬೇಕು, ಹಾಗೆಯೇ ತಂದಿಡಬೇಕು. ಒಮ್ಮೆ ಯಾರೋ ಕದ್ದು ತೆಗೆದಿಟ್ಟುಕೊಂಡ ಎರಡನೇ ಪ್ರತಿ, ತಿದ್ದುಪಡಿಯಾಗದ ಹಳೆಯದು, ಒಬ್ಬ ಕೆಲಸಗಾರನ ಕೈಗೆ ಹೋಯಿತು. ಅವನು ಅದರಂತೆ ಕವಚ ಕೊರೆದ. ಯಂತ್ರ ತಿರುಗಿದಾಗ ಆ ಕವಚ ಕಳಚಿಕೊಂಡು ಅವನ ಬಲಗೈ ಹೋಯಿತು. ಆ ಕೈಯನ್ನು ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದವರು ಯಜಮಾನರೇ. ಅಂದಿನಿಂದ ಅವರಿಗೆ ಎರಡನೇ ಪ್ರತಿ ಎಂದರೆ ಹಾವು.

ನಿವೃತ್ತರಾದ ಮೇಲೆ ಆ ಕಾರ್ಖಾನೆಯ ಕಾನೂನು, ರಿಜಿಸ್ಟರಿನ ಸಮೇತ, ಮನೆಗೆ ಬಂತು. ನಾಲ್ಕು ಕಂಪ್ಯೂಟರ್‌ಗಳು, ನಾಲ್ಕಕ್ಕೂ ತಂತಿ, ಎಲ್ಲದರ ಹಂಚಿಕೆಯ ಫೋಲ್ಡರ್‌ಗಳೂ ಎಲ್ಲರಿಗೂ ತೆರೆದ ಬಾಗಿಲು. ಅಮ್ಮನ ಧ್ವನಿಯ ಫೈಲ್‌ಗಳು ಮಾತ್ರ ಹಜಾರದ ಕಂಪ್ಯೂಟರಿನ ‘ಅಮ್ಮ’ ಎಂಬ ಫೋಲ್ಡರಿನಲ್ಲಿ. ಬೇರೆಲ್ಲೂ ಇರಕೂಡದು. ಈ ಮನೆಯಲ್ಲಿ ಯಾರೂ ಕಾಪಿ ಎಂಬ ಗುಂಡಿಯನ್ನು ಒತ್ತುವುದಿಲ್ಲ. ಕಟ್ ಮಾಡಬೇಕು, ಪೇಸ್ಟ್ ಮಾಡಬೇಕು. ಅಲ್ಲಿಂದ ಎತ್ತಬೇಕು, ಇಲ್ಲಿ ಇಡಬೇಕು. ಪ್ರತಿ ಶನಿವಾರ ಯಜಮಾನರು ಕನ್ನಡಕ ಒರೆಸಿಕೊಂಡು ಕುಳಿತು, ನಾಲ್ಕೂ ಕಂಪ್ಯೂಟರ್‌ಗಳನ್ನು ಜಾಲಾಡಿ, ಎಲ್ಲಾದರೂ ಎರಡನೇ ಪ್ರತಿ ಉಳಿದಿದ್ದರೆ ಹೇನು ಕುಕ್ಕಿದ ಹಾಗೆ ಕುಕ್ಕಿ ತೆಗೆಯುತ್ತಿದ್ದರು. ಹೆಂಡತಿಯ ಧ್ವನಿಯನ್ನು ಅವರು ಕಾಪಾಡಿದ್ದು ಹಾಗೆ, ಜತನದಿಂದ, ಪ್ರೀತಿಯಿಂದ. ಒಂದೇ ಒಂದು ಉಳಿಯುವಂತೆ.

ಇರಲಿ. ನಾನು ಅಳಿಯನತ್ತ ತಿರುಗಿದೆ. ಪೆನ್‌ಡ್ರೈವ್‌ಗಳು ಶುದ್ಧವಿರಬಹುದು, ಮನುಷ್ಯ ಶುದ್ಧನಲ್ಲ. ಅವನ ಕೈ ಅರ್ಧ ಗಂಟೆಯಿಂದ ಅಂಗಿಯ ಜೇಬಿಗೆ ಹೋಗಿ ಹೋಗಿ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

“ಜೇಬಲ್ಲೇನಿದೆ?” ಎಂದೆ.

“ಫೋನು.”

“ಫೋನಲ್ಲೇನಿದೆ?”

“ಫೋನಲ್ಲಿ ಏನಿರುತ್ತೆ? ಫೋನ್ ನಂಬರು.”

“ನೋಡಪ್ಪಾ, ನನ್ನ ಮುಂದೆ ಸುಳ್ಳು ಹೇಳಿದವರು ಇವತ್ತಿನವರೆಗೂ ಮೂರನೇ ವಾಕ್ಯ ದಾಟಿಲ್ಲ. ನಿಂದು ಎರಡಾಯ್ತು.”

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಅತ್ತೆಯ ಮುಖ. ಆಮೇಲೆ ನೆಲ.

“ಅತ್ತೆ ಮಾತಾಡಿರೋದು ಇದೆ.”

ಯಜಮಾನರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ಏನಂದೆ?”

“ಆ ವಾಕ್ಯಗಳಲ್ಲ. ಬೇರೆ. ಐದು ತಿಂಗಳ ಹಿಂದೆ ಅತ್ತೆ ನನ್ನ ಬೈತಿದ್ರು. ನಾನು ಫೋನ್ ಆನ್ ಮಾಡಿ ಜೇಬಲ್ಲಿಟ್ಕೊಂಡೆ. ನೋಡು ನಿಮ್ಮಮ್ಮ ಹೇಗೆ ಬೈತಾರೆ ಅಂತ ಇವಳಿಗೆ ಕೇಳಿಸೋಣ ಅಂತ.”

“ಕೇಳಿಸಿಲ್ಲ ನಂಗೆ,” ಎಂದಳು ಮಗಳು.

“ಇಲ್ಲ. ನಾನೇ ಒಂದ್ಸಲ ಕೇಳಿದೆ, ನಗು ಬಂತು. ಹಾಗೇ ಇಟ್ಕೊಂಡೆ.”

“ಇಷ್ಟು ದಿನ ಯಾಕೋ ಬಾಯಿಬಿಡಲಿಲ್ಲ?” ಯಜಮಾನರ ಧ್ವನಿ ಸೀಳಿತು.

“ಹೇಗೆ ಬಿಡ್ಲಿ ಮಾವ? ಮನೆ ಮಂದಿಯೆಲ್ಲ ಹದಿಮೂರು ದಿನದಿಂದ ನನ್ನನ್ನೇ ವೈರಸ್ ಅನ್ನೋ ಥರ ನೋಡ್ತಿದ್ದೀರಿ. ಅದರ ಮೇಲೆ, ಅತ್ತೆ ಮಾತನ್ನ ಕದ್ದು ಇಟ್ಕೊಂಡಿದೀನಿ ಅಂತ ಬೇರೆ ಹೇಳ್ಲಾ?”

ಅವನು ಫೋನು ಮೇಜಿನ ಮೇಲಿಟ್ಟು ಒತ್ತಿದ.

“...ಸೋಫಾ ಮೇಲೆ ಬೂಟು ಹಾಕ್ಕೊಂಡು ಹತ್ತಿದೀಯಲ್ಲೋ! ಕ್ಯಾಮೆರಾ ಹಿಡಿದ ಕೋತಿ! ಮೊನ್ನೆ ತಾನೇ ಹೊಲಿದು ಹಾಕಿದೀನಿ ಆ ಬಟ್ಟೇನ, ಎರಡು ರಾತ್ರಿ ಕಣ್ಣು ಕಿತ್ಕೊಂಡು. ಬೆಳಕು ಚೆನ್ನಾಗಿದೆಯಂತೆ, ಬೆಳಕು! ನಿನ್ನ ಬೆಳಕಿಗೆ ಬೆಂಕಿ ಹಾಕ. ಇಳೀತೀಯೋ, ಸೂಜಿ ತಗೊಂಡು ಚುಚ್ಲೋ? ಏನು ನಗ್ತೀಯ? ಲೇ, ನಗಬೇಡ, ನಂಗೂ ನಗು ಬರುತ್ತೆ...”

ದಪ್ಪ ಧ್ವನಿ, ಕೊನೆಯಲ್ಲಿ ಸ್ವಲ್ಪ ಒಡೆಯುವಂಥದ್ದು. ಕೋಣೆಯ ತುಂಬ ಓಡಾಡಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ಫೋನಿನ ಕಡೆಗೆ ಬಗ್ಗಿ, ಕಿವುಡನ ಹಾಗೆ ಕಿವಿ ಕೊಟ್ಟು ನಿಂತರು. ನಾನಂತೂ ಅಳುವವನಲ್ಲ, ನನ್ನ ಕಣ್ಣಿಂದ ಕೊನೆಯ ಹನಿ ಬಿದ್ದದ್ದು ಹಲ್ಲು ಹುಟ್ಟುವಾಗ. ಆದರೂ ಕನ್ನಡಕ ಒರೆಸಿಕೊಂಡೆ. ನಾನು ಕನ್ನಡಕ ಹಾಕುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ಅಮ್ಮನ ಸೂಜಿ ನಿಂತಿತ್ತು. ಕರೆಯದೆ ಬಂದ ನೆಂಟರನ್ನು ನೋಡುವ ಹಾಗೆ ಆಕೆ ಆ ಫೋನನ್ನು ನೋಡಿದರು.

“ಎಷ್ಟು ಹೊತ್ತಿದೆ ಇದು?” ಎಂದೆ.

“ಹದಿನಾಲ್ಕು ನಿಮಿಷ.”

“ಹದಿನಾಲ್ಕು ನಿಮಿಷ ಬೈದಿದಾರಾ?”

“ಅವತ್ತು ಸಮಾಧಾನವಾಗಿದ್ರು.”

ಮಗಳು ಆಗಲೇ ಮಾತಾಡುವ ಯಂತ್ರದ ಎಂಜಿನಿಯರ್‌ಗೆ ಫೋನು ಹಚ್ಚಿದ್ದಳು. “ಹತ್ತು ನಿಮಿಷ ಸ್ಪಷ್ಟವಾಗಿದ್ರೆ ಸಾಕಾ? ಹೌದಾ? ಅದು, ಸ್ವಲ್ಪ ಬೈಗುಳ ಇದೆ ಅದ್ರಲ್ಲಿ.” ಅತ್ತ ಕಡೆಯವನು ನಕ್ಕದ್ದು ನಮಗೂ ಕೇಳಿಸಿತು. “ಬೈಗುಳ ಇನ್ನೂ ಒಳ್ಳೇದಂತೆ. ಬೈಯುವಾಗ ಉಚ್ಚಾರ ಚೆನ್ನಾಗಿರುತ್ತಂತೆ. ಅಮ್ಮಾ! ಮಾಡ್ಕೊಡ್ತಾರಂತೆ ಅಮ್ಮಾ!”

ಅವಳು ತಾಯಿಯ ಹೆಗಲು ಅಪ್ಪಿದಳು. ಅಮ್ಮ ಅವಳ ಬೆನ್ನು ತಟ್ಟಿದರು. ಕೈಯಲ್ಲಿದ್ದ ದಾರದ ಖಾಲಿ ಉರುಳೆ ತೋರಿಸಿ, ಎದ್ದು ಹೊಲಿಗೆಯ ಕೋಣೆಗೆ ಹೋದರು. ಅಳಬೇಕಾಗಿದ್ದರೆ ಅಳಲಿ ಎಂದು ನಾವು ಬಿಟ್ಟೆವು. ತುಸು ಹೊತ್ತಿನಲ್ಲಿ ಹೊಸ ಉರುಳೆ ಹಿಡಿದು ಬಂದು ಅದೇ ಕುರ್ಚಿಯಲ್ಲಿ ಕುಳಿತರು.

ಯಜಮಾನರು ಅಷ್ಟರಲ್ಲಿ ರಿಜಿಸ್ಟರ್ ತೆರೆದು, ಅಡ್ಡಪಟ್ಟಿ ಇಟ್ಟು ಗೆರೆ ಎಳೆದು, ಹೊಸ ಸಾಲು ಬರೆದಿದ್ದರು. ಸಾವಿರದ ಆರುನೂರ ಹದಿಮೂರು. ವಿವರ: ಅಳಿಯನಿಗೆ ಬೈದದ್ದು. ಅವಧಿ: ಹದಿನಾಲ್ಕು ನಿಮಿಷ. ಅಕ್ಷರ ಅಚ್ಚು ಹೊಡೆದಂತೆ.

“ಬಾಪ್ಪಾ,” ಎಂದರು ಅಳಿಯನಿಗೆ. ಹದಿಮೂರು ದಿನಗಳಲ್ಲಿ ಮೊದಲ ಸಲ ‘ಅಪ್ಪಾ’ ಅಂದದ್ದು. “ಫೋಲ್ಡರಿಗೆ ಹಾಕು. ಕಂಪ್ಯೂಟರ್ ಕ್ಲೀನ್ ಆಗಿದೆಯಲ್ಲ ಪತ್ತೇದಾರ್ರೇ?”

“ಕ್ಲೀನಾ?” ಎಂದೆ. “ನಿನ್ನೆ ನಾನೇ ಕೈಯಾರೆ ಅಡಿಪಾಯದಿಂದ ಹೊಸದು ಮಾಡಿದ್ದು. ಯಮಧರ್ಮನೂ ಬೂಟು ಬಿಚ್ಚಿಟ್ಟು ಒಳಗೆ ಬರಬೇಕು.”

ಆಮೇಲೆ ನಾನು ಮಗಳ ಕಡೆ ತಿರುಗಿದೆ. ಓದುಗರೇ, ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬರೆಯುತ್ತೇನೆ. ಅಳಿಯ ಫೋನಿನ ತಂತಿಯನ್ನು ಹಜಾರದ ಕಂಪ್ಯೂಟರಿಗೆ ಚುಚ್ಚಿದಾಗ ನಾನು ಬೆನ್ನು ಹಾಕಿ ನಿಂತು, ಒಂದು ಇಡೀ ಬ್ಯಾಂಕನ್ನು ಒಂದೇ ಬೆರಳಿನಲ್ಲಿ ಹೇಗೆ ಉಳಿಸಿದೆ ಎಂಬ ಕಥೆ ಶುರು ಮಾಡಿದ್ದೆ. ಬ್ಯಾಂಕಿನ ಮ್ಯಾನೇಜರು ನನ್ನ ಕಾಲು ಹಿಡಿಯುವ ಭಾಗಕ್ಕೆ ಬಂದಿದ್ದೆ.

“ಇದೇನಿದು?” ಎಂದ ಅಳಿಯ.

ಅವನು ಮಾಡಿದ್ದು ಈ ಮನೆಯಲ್ಲಿ ಎಲ್ಲರೂ ಮಾಡುವಂಥದ್ದೇ. ಫೋನಿನಲ್ಲಿದ್ದ ಫೈಲನ್ನು ಆರಿಸಿ, ಬೆರಳುಗಳಿಗೆ ಏಳು ವರ್ಷದಿಂದ ರೂಢಿಯಾದಂತೆ ಕಟ್ ಒತ್ತಿ, ‘ಅಮ್ಮ’ ಫೋಲ್ಡರಿನಲ್ಲಿ ಪೇಸ್ಟ್ ಒತ್ತಿದ್ದ. ಫೈಲು ಅತ್ತಿಂದ ಹೊರಟು ಇತ್ತ ಬಂದಿತ್ತು. ಫೋನಿನಲ್ಲಿ ಜಾಗ ಖಾಲಿ.

ನಾನು ತಿರುಗುವಷ್ಟರಲ್ಲಿ ಆ ಫೈಲಿನ ಚಿತ್ರ ಬೆಳ್ಳಗಾಗಿತ್ತು. ಹೆಸರಿಗೆ ಬಾಲದಂತೆ ಅರ್ಥವಿಲ್ಲದ ಅಕ್ಷರಗಳು ಬೆಳೆದಿದ್ದವು. ಪಕ್ಕದಲ್ಲಿ, ಸತ್ತ ವಿಳಾಸವಿದ್ದ ಅದೇ ಹಳೇ ಪತ್ರ ತಾನಾಗಿ ಬಂದು ಕುಳಿತಿತ್ತು.

ಹಾರಿದೆ. ಕಂಪ್ಯೂಟರಿನ ಬೆನ್ನಿಗಿದ್ದ ಮನೆಯ ತಂತಿ ಕಿತ್ತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ. ಆ ಗಾದೆ ಕಟ್ಟಿದವನು ನನ್ನನ್ನು ನೋಡಿಯೇ ಕಟ್ಟಿರಬೇಕು.

“ಫೋನಲ್ಲಿ ಅಳಿಸಿ ಹೋಗಿದ್ದನ್ನ ವಾಪಸ್ ತರಬಹುದಲ್ವಾ? ನೀವು ತರ್ತೀರಲ್ವಾ?” ಎಂದಳು ಮಗಳು.

“ಇಂಥ ಫೋನಲ್ಲಿ ಅಳಿಸಿದ್ದು ಬೂದಿ ಕಣಮ್ಮ. ಬೂದೀನ ಮತ್ತೆ ಕಟ್ಟಿಗೆ ಮಾಡೋಕಾಗಲ್ಲ. ಇಂಟರ್‌ನೆಟ್‌ನಲ್ಲಿ ಎಲ್ಲಾದ್ರೂ ತಾನಾಗೇ ಒಂದು ಪ್ರತಿ ಸೇರಿರಬಹುದಾ?”

“ಅದನ್ನ ನಿಲ್ಲಿಸಿದೀನಿ,” ಎಂದ ಅಳಿಯ ಮೆಲ್ಲಗೆ. “ಎರಡನೇ ಪ್ರತಿ ಆಗುತ್ತೆ ಅಂತ ಮಾವನೇ ನಿಲ್ಲಿಸಿದ್ರು.”

ಯಜಮಾನರು ಈಗಷ್ಟೇ ಬರೆದ ಸಾಲಿನ ಮೇಲೆ ಅಂಗೈ ಇಟ್ಟು, ಶಾಯಿ ಒರೆಸುವವರಂತೆ ಹಿಂದಕ್ಕೂ ಮುಂದಕ್ಕೂ ಎಳೆದರು. ಅಕ್ಷರಗಳು ಕಲಸಿಹೋದವು. ಅಂಗೈ ನೀಲಿಯಾಯಿತು. ಆಮೇಲೂ ಎಳೆಯುತ್ತಲೇ ಇದ್ದರು.

“ನನ್ನ ಕೈಯಿಂದಾನೇ ಹೋಯ್ತು,” ಅಳಿಯ ನೆಲಕ್ಕೆ ಕುಸಿದ. “ಇಷ್ಟು ದಿನ ನಾನಲ್ಲ ನಾನಲ್ಲ ಅಂತಿದ್ದೆ. ಈಗ ನಾನೇ ಆದೆ.”

ಅವನ ಹೆಂಡತಿ ಅವನ ತಲೆಯ ಮೇಲೆ ಕೈ ಇಟ್ಟಳು. ಆ ಕೈಯಲ್ಲಿ ಜೀವವೇ ಇರಲಿಲ್ಲ.

ಇನ್ನು ನನ್ನ ಸರದಿ. ಕಳೆದ ವಾರ ನಿಮ್ಮಿಂದಲೂ ಮುಚ್ಚಿಟ್ಟ ಒಂದು ಸಂಗತಿ ಇದೆ. ಈ ಜಾತಿಯ ವೈರಸ್ ತಾನು ಕುಳಿತ ಕಂಪ್ಯೂಟರನ್ನು ಪೂರ್ತಿ ನುಂಗುತ್ತದೆ, ಮೂಲೆ ಮುಡುಕು ಬಿಡದೆ. ತಂತಿಯಾಚೆಯ ಕಂಪ್ಯೂಟರ್‌ಗಳಲ್ಲಾದರೆ ಹಂಚಿಕೆಗೆ ತೆರೆದಿಟ್ಟ ಫೋಲ್ಡರ್‌ಗಳನ್ನು ಮಾತ್ರ ನುಂಗುತ್ತದೆ. ಹಾಗಾಗಿ ಪೂರ್ತಿ ಹಾಳಾದದ್ದು ಯಾವುದೋ ಅದೇ ರೋಗದ ಮೂಲ. ನಾನು ನಾಲ್ಕನ್ನೂ ಬಿಚ್ಚಿ ನೋಡಿದ್ದೆ. ನಾಲ್ಕರಲ್ಲೂ ಹಂಚಿದ ಫೋಲ್ಡರ್ ಮಾತ್ರ ಹಾಳು, ಉಳಿದದ್ದೆಲ್ಲ ಸುರಕ್ಷಿತ. ಅಂದರೆ ನಾಲ್ಕೂ ಕಚ್ಚಿಸಿಕೊಂಡವು, ಕಚ್ಚಿದ್ದು ಒಂದೂ ಅಲ್ಲ.

ಆ ಲೆಕ್ಕ ನನಗೆ ಬಿಡಿಸಲಾಗಲಿಲ್ಲ. ಬಿಡಿಸಲಾಗಲಿಲ್ಲ ಎಂದು ಹೇಳಲು ನನ್ನ ಬಾಯಿಗೆ ಅಭ್ಯಾಸವಿಲ್ಲ. ಅದಕ್ಕೇ ಎಲ್ಲ ಕ್ಲೀನ್ ಎಂದುಬಿಟ್ಟೆ.

“ಯಜಮಾನ್ರೇ, ಈ ಹಜಾರದ ಕಂಪ್ಯೂಟರಿಗೆ ಮನೆ ತಂತಿ ಯಾರು ಹಾಕಿದ್ದು? ನಿನ್ನೆ ನಾನು ಬಿಡಿಸಿಟ್ಟು ಹೋಗಿದ್ದೆ.”

“ಬೆಳಗ್ಗೆ ನಾನೇ,” ಎಂದರು, ಅಂಗೈ ನೋಡಿಕೊಳ್ಳುತ್ತ. “ನೇತಾಡ್ತಿತ್ತು. ಹಾಕ್ದೆ. ಫೋಲ್ಡರನ್ನೂ ಮೊದಲಿನ ಹಾಗೆ ಎಲ್ಲರಿಗೂ ತೆಗೆದಿಟ್ಟೆ. ಹಾಕಬೇಡಿ ಅಂತ ನೀವು ಹೇಳಲಿಲ್ಲ.”

ಹೇಳಿರಲಿಲ್ಲ. ನಾನು ಮುಟ್ಟಿದ ಮೇಲೆ ಎಚ್ಚರಿಕೆ ಯಾಕೆ?

ಉಳಿದ ಮೂರು ಕಂಪ್ಯೂಟರ್‌ಗಳು ನನ್ನ ಅಂಗಡಿಯ ಮೇಜಿನ ಮೇಲೆ ಹೊಟ್ಟೆ ಸೀಳಿಸಿಕೊಂಡು ಮಲಗಿದ್ದವು. ಮನೆಯಲ್ಲಿದ್ದದ್ದು ಇದೊಂದೇ. ಹಾಗಿದ್ದರೆ ತಂತಿಯ ಆಚೆ ತುದಿಯಿಂದ ಕೈ ಚಾಚಿದ್ದು ಯಾರು?

ಓಣಿಯ ಗೂಡಿನಲ್ಲಿದ್ದ ತಂತಿಪೆಟ್ಟಿಗೆಯ ಬಾಗಿಲು ತೆರೆದೆ. ಅಲ್ಲಿಗೆ ಬಂದು ಸೇರುವ ತಂತಿಗಳು ನಾಲ್ಕಿರಬೇಕು. ಮೂರರ ಆಚೆ ತುದಿಯಲ್ಲಿ ಏನೂ ಇಲ್ಲ, ದೀಪ ಆರಿತ್ತು. ಹಜಾರದ್ದನ್ನು ಈಗಷ್ಟೇ ಕಿತ್ತೆ, ಅದೂ ಆರಿತ್ತು. ಐದನೆಯ ದೀಪವೊಂದು ಹಸಿರಾಗಿ ಮಿನುಗುತ್ತಿತ್ತು.

“ಐದನೇದು ಯಾವುದು?” ಎಂದೆ.

“ಐದು ಎಲ್ಲಿಂದ ಬರ್ಬೇಕು? ನಾಲ್ಕೇ,” ಎಂದರು ಯಜಮಾನರು, ಬಾಗಿಲಿಗೆ ಬಂದು. “ರಿಜಿಸ್ಟರಲ್ಲಿ ನಾಲ್ಕೇ ಇರೋದು.”

ಆ ತಂತಿ ಪೆಟ್ಟಿಗೆಯ ಹಿಂಬದಿಯಿಂದ ಇಳಿದು ಗೋಡೆಗೆ ಅಂಟಿಕೊಂಡು ಹೋಗಿತ್ತು. ಗೋಡೆಗೆ ಬಳಿದ ಹಸಿರು ಬಣ್ಣವನ್ನೇ ಅದಕ್ಕೂ ಬಳಿದಿದ್ದರಿಂದ ಕಣ್ಣಿಗೆ ಗೋಡೆಯ ಉಬ್ಬಿನಂತೆ ಕಾಣುತ್ತಿತ್ತು. ಗರುಡನ ಕಣ್ಣು ನನ್ನದು. ಒಂಬತ್ತು ದಿನ ಅದರ ಮುಂದೆಯೇ ಓಡಾಡಿದ್ದೆ. ಮಗಳು ಉಗುರಿನಿಂದ ಕೆರೆಯುತ್ತ ಮುಂದೆ ಮುಂದೆ ಹೋದಳು. ಹಿಂದೆ ನಾನು, ಅಳಿಯ, ಕೊನೆಯಲ್ಲಿ ಯಜಮಾನರು. ಓಣಿ ಮುಗಿದು, ಹೊಸ್ತಿಲು ಹಾಯ್ದು, ತಂತಿ ಹೊಲಿಗೆಯ ಕೋಣೆಯನ್ನು ಹೊಕ್ಕಿತು. ಬಟ್ಟೆಯ ಥಾನುಗಳ ಹಿಂದೆ ನುಸುಳಿ, ಮೂಲೆಯಲ್ಲಿದ್ದ ಎತ್ತರದ ಕಬ್ಬಿಣದ ಬೀರುವಿನ ಬೆನ್ನಿನಲ್ಲಿ ಕೊರೆದ ತೂತಿನೊಳಗೆ ಮಾಯವಾಯಿತು.

ಬೀರುವಿಗೆ ಕಿವಿಯಿಟ್ಟೆ. ಒಳಗೆ ಮುದಿ ಫ್ಯಾನೊಂದು ಕೆಮ್ಮುತ್ತ ತಿರುಗುತ್ತಿತ್ತು.

“ಅಯ್ಯೋ,” ಎಂದ ಅಳಿಯ. “ಕಸೂತಿ ಕಂಪ್ಯೂಟರು.”

“ಏನದು?”

“ಅತ್ತೆ ಮೊದಲು ಕಸೂತಿ ಯಂತ್ರಕ್ಕೆ ಚಿತ್ರ ಕಳಿಸೋಕೆ ಇಟ್ಕೊಂಡಿದ್ದ ಹಳೇ ಡಬ್ಬ. ನಾಲ್ಕು ವರ್ಷದ ಹಿಂದೆ ಅದಕ್ಕೆ ವೈರಸ್ ಹತ್ತಿ, ಇದ್ದ ಚಿತ್ರ ಎಲ್ಲಾ ಹೋಯ್ತು. ನಾನೇ ನೋಡಿ ಹೇಳಿದ್ದೆ, ಅತ್ತೆ, ಇದನ್ನ ಎಸೆದುಬಿಡಿ, ಅಪ್ಪಿತಪ್ಪಿ ಆನ್ ಮಾಡಿದ್ರೆ ತಂತಿ ಹಿಡ್ಕೊಂಡು ಹೋಗಿ ಮನೇಲಿರೋದನ್ನೆಲ್ಲ ತಿಂದುಬಿಡುತ್ತೆ ಅಂತ. ಎಸೆದಿದಾರೆ ಅಂದ್ಕೊಂಡಿದ್ದೆ.”

ಬೀರುವಿನ ಸಂದಿನಲ್ಲಿ ಬೆರಳು ತೂರಿಸಿದೆ. ಡಬ್ಬದ ಲೋಹ ಬೆರಳಿಗೆ ತಣ್ಣಗಿತ್ತು. ದಿನಗಟ್ಟಲೆ ಓಡಿದ ಯಂತ್ರ ಕಾದ ಕಾವಲಿಯಾಗಿರುತ್ತದೆ. ಇದು ಆನ್ ಆಗಿ ಅರ್ಧ ಗಂಟೆಯೂ ಆಗಿರಲಿಲ್ಲ.

ಅರ್ಧ ಗಂಟೆಯಿಂದ ನಾವೆಲ್ಲ ಹಜಾರದಲ್ಲಿದ್ದೆವು. ನಡುವೆ ಈ ಕೋಣೆಗೆ ಬಂದು ಹೋದವರು ಒಬ್ಬರೇ.

ಮಗಳು ಲೆಕ್ಕ ಹಾಕುತ್ತಿದ್ದುದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಪ್ಪ ರಿಜಿಸ್ಟರಿನ ಮುಂದೆ. ಗಂಡ ನೆಲ ನೋಡುತ್ತ. ತಾನು ಫೋನಿನಲ್ಲಿ. ಅಮ್ಮ...

“ಅಮ್ಮ ದಾರ ತರೋಕೆ ಬಂದಿದ್ಲು,” ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ತಿರುಗಿದೆವು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬೀರುವಿನ ಕೀಲಿ. ಬಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

“ನಿಂಗೆ ಗೊತ್ತಿರಲಿಲ್ಲ ಅಲ್ವಾ?” ಯಜಮಾನರು ಅವರ ಹತ್ತಿರ ಹೋದರು. ನೀಲಿ ಅಂಗೈ ಚಾಚಿ ಬೇಡುವವರಂತೆ ನಿಂತರು. “ಅದು ರೋಗದ ಡಬ್ಬ ಅಂತ ಮರ್ತೇ ಹೋಗಿತ್ತು ಅಲ್ವಾ? ಏನೋ ಹಳೇ ಕಸೂತಿ ಚಿತ್ರ ನೋಡೋಣ ಅಂತ ಒತ್ತಿದೆ. ಅಷ್ಟೇ ಅಲ್ವಾ? ತಲೆಯಾಡಿಸು. ಸಾಕು, ತಲೆಯಾಡಿಸು. ಇವತ್ತು ಒಂದ್ಸಲ ಕೈತಪ್ಪಿ ಆಯ್ತು ಅಂತ ಬರ್ಕೋತೀನಿ.”

ಅಮ್ಮ ತಲೆಯಾಡಿಸಲಿಲ್ಲ. ಕಪ್ಪು ಅಸ್ತರಿ ಬಟ್ಟೆಯ ತುಂಡೊಂದನ್ನು ಹೊಲಿಗೆ ಯಂತ್ರದ ಮೇಲೆ ಹರಡಿದರು. ಮಾತು ಹೋದಂದಿನಿಂದ ಅದೇ ಅವರ ಹಲಗೆ. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕ್ ಎತ್ತಿಕೊಂಡು, ಬೀರುವಿನೊಳಗಿನ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇಲ್ಲದ ಆ ಕೋಣೆಯಲ್ಲಿ, ಗಂಡನಿಗೆ ಓದಲು ಅನುಕೂಲವಾಗುವಂತೆ ದೊಡ್ಡ ಅಕ್ಷರಗಳಲ್ಲಿ, ನಿಧಾನವಾಗಿ ಬರೆದರು:

ಎರಡು ಸಲವೂ ನಾನೇ.